ಶೇಖರನ ಜಾಗಕ್ಕೆ ಬಂದವನು

ಜಗದಾಂಬಾ ಧಾರಾವಾಹಿ ನೋಡುತ್ತಿದ್ದಳು ಎನ್ನುವುದಕ್ಕಿಂತ ಅತ್ತೆಗೆ ಅದನ್ನು ಬಿಡಿಸಿ ಹೇಳುತ್ತಿದ್ದಳು ಎನ್ನುವುದೇ ಸರಿ. ಮನೆಮನೆಗೂ ಕೇಬಲ್ ಬಂದ ಕಾಲ. ವಿನೋಬನಗರದ ಆ ಮನೆಯಲ್ಲಿ ಸಂಜೆಯಾಯಿತೆಂದರೆ ಅವಳ ಬಾಯಿಗೆ ಬಿಡುವಿಲ್ಲ. ಅತ್ತೆ ಉಚ್ಚಂಗಮ್ಮನಿಗೆ ಕಣ್ಣು ಪೂರ್ತಿ ಹೋಗಿತ್ತು. ಕಿವಿ ಮಾತ್ರ ಮನೆಯ ನಾಲ್ಕೂ ಮೂಲೆಯಲ್ಲಿತ್ತು. "ಈಗ ಏನ್ ಮಾಡ್ತಿದಾಳೆ? ಯಾವ ಸೀರೆ? ಅಳ್ತಿದಾಳೋ, ಬರೀ ಮೂಗು ಒರೆಸ್ಕೊಳ್ತಿದಾಳೋ?" ಒಲೆಯ ಮೇಲೆ ಒಗ್ಗರಣೆ ಸೀದರೂ ಸರಿ, ಉತ್ತರ ಕೊಡಬೇಕು.

ಅವಳಿಗೆ ರೇಗುತ್ತಿದ್ದುದು ಈ ಪ್ರಶ್ನೆಗಳಿಗಲ್ಲ, ಕೊನೆಗೆ ಬರುತ್ತಿದ್ದ ಹೆಸರಿಗೆ. "ಹೇಳೇ, ವಸಂತಾ."

ವಸಂತಾ ಎಂದರೆ ಗಂಡ ಧರ್ಮೇಂದ್ರನ ಮೊದಲ ಹೆಂಡತಿ, ಜ್ವರದಲ್ಲಿ ತೀರಿಹೋದವಳು. ಆಮೇಲೆ ಭದ್ರಾವತಿಯಿಂದ ಜಗದಾಂಬಾಳನ್ನು ತಂದುಕೊಂಡರು. ಮುದುಕಿ ಮೊದಲ ದಿನವೇ ಹಳೇ ಹೆಸರಿನಲ್ಲಿ ಕೂಗಿದಳು. ಬಾಯಿ ತಪ್ಪಿರಬೇಕು ಎಂದುಕೊಂಡು ಹೊಸ ಸೊಸೆ ಓಗೊಟ್ಟಳು. ಅದೇ ತಪ್ಪಾಯಿತು ನೋಡಿ. "ಕೂಗಿದ್ರೆ ಹೆಸರೇನು ಸವೆಯುತ್ತಾ ಮಾರಾಯ್ತಿ? ವಯಸ್ಸಾದೋರು" ಎಂದ ಧರ್ಮೇಂದ್ರ. ಸವೆದದ್ದು ಅವನ ಹೆಸರಲ್ಲವಲ್ಲ. ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಅವಳಪ್ಪ ಶಿಫ್ಟ್ ಮುಗಿಸಿ ಬಂದವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಮೊದಲೇ, ಒಂದಕ್ಷರ ನುಂಗದೆ, "ಜಗದಾಂಬಾ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಆ ಹೆಸರು ಅಲ್ಲೇ ಉಳಿದುಬಿಟ್ಟಿತು. ಇಲ್ಲಿ ಸವಳಂಗ ರಸ್ತೆಯ ದಿನಸಿ ಅಂಗಡಿಯವನೂ "ಏನ್ ಕೊಡ್ಲಿ ವಸಂತಮ್ಮಾ" ಎನ್ನುತ್ತಿದ್ದ.

ಹೀಗಿರುವಾಗ ಧಾರಾವಾಹಿಯ ನಾಯಕ ಕೈಕೊಟ್ಟ. ವರ್ಷಗಟ್ಟಲೆ ಶೇಖರನ ಪಾತ್ರ ಮಾಡಿದ್ದ ನಟನಿಗೆ ಸಿನಿಮಾ ಸಿಕ್ಕಿತಂತೆ. ಒಂದು ಸಂಜೆ ಪರದೆಯ ಮೇಲೆ 'ಇನ್ನು ಮುಂದೆ ಶೇಖರನ ಪಾತ್ರದಲ್ಲಿ' ಎಂದು ಬೇರೆ ಯಾರದೋ ಹೆಸರು ಬಂತು. ಓದಿ ಹೇಳಿದರೆ ದೊಡ್ಡ ರಾಮಾಯಣವಾದೀತೆಂದು ಜಗದಾಂಬಾ ಸುಮ್ಮನಿದ್ದಳು. ಹೊಸಬ ಒಳಗೆ ಬಂದ, ಚಪ್ಪಲಿ ಬಿಟ್ಟ, ಹೆಂಡತಿಗೆ ಕಾಫಿ ಕೊಡು ಎಂದ.

"ಯಾರೇ ಇವನು?" ಗೋಡೆಗೊರಗಿದ್ದ ಉಚ್ಚಂಗಮ್ಮ ನೆಟ್ಟಗೆ ಕೂತಳು.

"ಶೇಖರ, ಅತ್ತೆ."

"ಶೇಖರನ ದನಿ ನಂಗೊತ್ತಿಲ್ವಾ?"

"ಮೊದ್ಲಿನೋನು ಬಿಟ್ಟು ಹೋದ. ಅವನ ಜಾಗಕ್ಕೆ ಇವನು."

"ಅದು ಹೆಂಗಾಗುತ್ತೆ? ಯಾರೋ ಬಂದು ನಾನೇ ಶೇಖರ ಅಂದ್ರೆ ಆಗ್ಬಿಡ್ತಾನಾ? ಆ ಹುಡುಗಿಗಾದ್ರೂ ಬುದ್ಧಿ ಬೇಡ್ವಾ, ಕಾಫಿ ಬೇರೆ ಕೊಡ್ತಾಳೆ. ಹೋದೋನು ಹೋದ ಅನ್ನೋಕೆ ಏನು ರೋಗ? ಇವನಿಗೂ ಅಪ್ಪ ಅಮ್ಮ ಇಟ್ಟ ಹೆಸರು ಒಂದಿರುತ್ತಲ್ಲ. ಅಲ್ವೇನೇ ವಸಂತಾ?"

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಜಗದಾಂಬಾಳಿಗೆ ತಿಳಿಯಲಿಲ್ಲ. ಎದ್ದು ಟಿ.ವಿ. ಆರಿಸಿದಳು.

"ನಿಮಗೆ ದಿನಾ ಕಾಫಿ ಕೊಡೋಳು ಯಾರು ಅತ್ತೆ?"

ಮುದುಕಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಳು.

"ಅವಳು ಹೋಗಿದ್ದು ನಂಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದಳು ಕೊನೆಗೆ. "ನಾನೂ ಕೂಗೋದು ಬಿಟ್ರೆ ಈ ಮನೇಲಿ ಅವಳ ಹೆಸರು ಹೇಳೋರು ಯಾರಿದಾರೆ?"

ಜಗದಾಂಬಾಳಿಗೆ ಅಯ್ಯೋ ಎನಿಸಿತು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷ ಮರೆವು ಎಂದುಕೊಂಡು ಸಹಿಸಿದ್ದಳು. ಮುದುಕಿ ಎಲ್ಲ ತಿಳಿದೇ ಕೂಗುತ್ತಿದ್ದಳಲ್ಲ.

"ಅವಳ ಹೆಸರು ಬೇಕಾದ್ರೆ ದಿನಾ ನಾನೂ ಹೇಳ್ತೀನಿ. ನನ್ನ ಹೆಸರು ಹೇಳೋರು ಯಾರು?"

ಆ ಸಂಜೆ ಟಿ.ವಿ.ಯನ್ನು ಮತ್ತೆ ಯಾರೂ ಹಾಕಲಿಲ್ಲ.

ಬೆಳಿಗ್ಗೆ ಎಂದಿನಂತೆ ಕೂಗು ಕೇಳಿತು. "ವಸಂತಾ, ಬಿಸಿನೀರು."

ನೀರು ಕಾದಿತ್ತು. ಜಗದಾಂಬಾ ಒಲೆಯ ಮುಂದೆಯೇ ನಿಂತಿದ್ದಳು, ಓಗೊಡಲಿಲ್ಲ. ಇನ್ನೊಂದು ಸಲ ಕೂಗಿದಾಗಲೂ ಇಲ್ಲ. ನಡುಮನೆಯಲ್ಲಿ ಒಂದಿಷ್ಟು ಗೊಣಗಾಟ ನಡೆಯಿತು, ಕೆಮ್ಮು ಬಂತು. ಆಮೇಲೆ, ರೂಢಿಯಿಲ್ಲದ್ದನ್ನು ಅಗಿದಂತೆ, "ಜಗ... ಜಗದಾಂಬಾ" ಎಂದು ಕೇಳಿಸಿತು.

"ಬಂದೆ" ಎಂದಳು ಅವಳು, ಅಪ್ಪನಿಗೆ ಓಗೊಡುತ್ತಿದ್ದಷ್ಟೇ ಜೋರಾಗಿ, ಬೀದಿಗೆಲ್ಲ ಕೇಳುವಂತೆ.