ದೊಡ್ಡಪ್ಪನ ಮನೆಶಾಲೆ ಮತ್ತು ಮೊಂತಿ ಹಬ್ಬದ ಪತ್ತೋಳಿ

ನಮ್ಮ ದೊಡ್ಡಪ್ಪನವರಿಗೆ ದೈವಭಕ್ತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಇತ್ತು. ಆದರೆ ಅದು ಅಡುಗೆಮನೆಯ ಹೊಸ್ತಿಲು ದಾಟಿ ಆಚೆ ಹೋದದ್ದನ್ನು ನಾನು ಕಂಡಿಲ್ಲ. ಯಾವ ಸಂತರ ಹಬ್ಬಕ್ಕೆ ಯಾವ ತಿಂಡಿ, ಯಾವ ಉಪವಾಸ ಯಾವ ಊಟದಲ್ಲಿ ಮುಗಿಯುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ಸಂತರು ಬದುಕಿದ್ದಾಗ ಏನು ಮಾಡಿದರು ಎಂದು ಕೇಳಿದರೆ ಮಾತ್ರ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದರು.

ಅವರೇ ನಮ್ಮ ಶಾಲೆ. ಕುರ್ಲಾದ ಚಾಳಿನಲ್ಲಿ ನಮ್ಮದು ಎರಡು ಖೋಲಿಯ ಮನೆ. ಅಪ್ಪ ಬೆಳಿಗ್ಗೆ ಎದ್ದು ರೈಲ್ವೆ ವರ್ಕ್‌ಶಾಪಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ದೊಡ್ಡಪ್ಪ ಅಪ್ಪನ ಅಣ್ಣ. ಪಾದ್ರಿಯಾಗಬೇಕೆಂದು ಮಂಗಳೂರಿನಲ್ಲಿ ಸೆಮಿನರಿ ಸೇರಿ, ಅಲ್ಲಿಯ ಗಂಜಿ ಒಗ್ಗದೆ ಬಿಟ್ಟು ಬಂದವರು. ಅವರ ಬಾಯಲ್ಲಿ ಅದು ಗಂಜಿಯ ಕಥೆಯಾಗಿರದೆ ಲ್ಯಾಟಿನ್ ಪಂಡಿತರ ಅಸೂಯೆಯ ಕಥೆಯಾಗಿತ್ತು. ಮದುವೆಯಾಗಲಿಲ್ಲ. ಬೊಂಬಾಯಿಗೆ ಬಂದು ಒಂದೆರಡು ಕಂಪೆನಿಗಳ ಮೆಟ್ಟಿಲು ಹತ್ತಿ ಇಳಿದು, ಯಾವ ಕೆಲಸವೂ ತಮ್ಮ ಯೋಗ್ಯತೆಗೆ ತಕ್ಕದ್ದಲ್ಲವೆಂದು ಕಂಡುಕೊಂಡು, ಕೊನೆಗೆ ತಮ್ಮನ ಮಕ್ಕಳ ಆತ್ಮ ಕಾಯುವ ಕೆಲಸ ಹಿಡಿದರು. ಆ ಕೆಲಸಕ್ಕೆ ಸಂಬಳವಿರಲಿಲ್ಲ, ಊಟವಿತ್ತು.

ಶಾಲೆಗೆ ಹೋದರೆ ಮಕ್ಕಳ ವಿಶ್ವಾಸ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಇಗರ್ಜಿಯ ಪಕ್ಕದಲ್ಲೇ ಸಿಸ್ಟರುಗಳ ಶಾಲೆಯಿತ್ತಲ್ಲ, ಅದೂ ಆಗಬಾರದು. ಅಲ್ಲಿ ಕೋಲೆಕಲ್ಯಾಣದ ಕಡೆಯ ಈಸ್ಟ್ ಇಂಡಿಯನ್ನರ, ಎಂದರೆ ಬೊಂಬಾಯಿ ಮೂಲದ ಕ್ರೈಸ್ತರ, ಮಕ್ಕಳು ಬರುತ್ತಾರೆ, ಅವರು ಗದ್ದೆಯ ಕೆಸರಿನವರು, ನಾವು ಕುಳವಾರಿನವರು, ದೊಡ್ಡ ಮನೆತನದವರು. ನಮ್ಮ ಅಜ್ಜ ಒಡೆಯರ ಗದ್ದೆಯಲ್ಲಿ ಮೊಣಕಾಲಿನವರೆಗೆ ಕೆಸರಾಗಿ ಉಳುತ್ತಿದ್ದ ಸಂಗತಿಯನ್ನು ಅಮ್ಮ ಒಮ್ಮೆ ನೆನಪಿಸಿದಳು. ಅದು ಬೇರೆ ಕೆಸರು ಎಂದರು ದೊಡ್ಡಪ್ಪ.

ಹಾಗಾಗಿ ನಾನೂ ನನ್ನ ಇಬ್ಬರು ತಮ್ಮಂದಿರೂ ಹೊರಗಿನ ಖೋಲಿಯಲ್ಲಿ ಚಾಪೆ ಹಾಸಿಕೊಂಡು ದೊಡ್ಡಪ್ಪನಿಂದ ಕಲಿತೆವು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಅವರ ಕಾಫಿ, ಆಮೇಲೆ ಪಾಠ. ಮಧ್ಯಾಹ್ನ ಅವರು ಮಲಗುತ್ತಿದ್ದರು. ಆಗ ನಾವು ಮೌನವಾಗಿ ಧ್ಯಾನ ಮಾಡಬೇಕು, ಎಂದರೆ ಅವರ ಗೊರಕೆ ಕೇಳಬೇಕು. ಅಕ್ಷರ ಕಲಿಸಿದ್ದು ಅಮ್ಮ, ರುಬ್ಬುವ ಕಲ್ಲಿನ ಪಕ್ಕ ಕೂರಿಸಿಕೊಂಡು, ಚೆಲ್ಲಿದ ಅಕ್ಕಿಹಿಟ್ಟಿನಲ್ಲಿ ಬೆರಳಾಡಿಸಿ. ಮನೆಯಲ್ಲಿ ನಮ್ಮ ಮಾತು ಕೊಂಕಣಿ, ಓದುಬರಹ ಊರಿನಿಂದ ಬಂದ ಕನ್ನಡ. ದೊಡ್ಡಪ್ಪನ ಪಾಲಿಗೆ ಬಂದದ್ದು ಲೆಕ್ಕ ಮತ್ತು ಜ್ಞಾನೋಪದೇಶ. ಎರಡನ್ನೂ ಅವರು ಹಬ್ಬಗಳ ಸುತ್ತಲೇ ಕಟ್ಟಿದ್ದರು. ಕ್ರಿಸ್ಮಸ್ ಬಂತೆಂದರೆ ಅಮ್ಮ ಕರಿದಿಟ್ಟ ಸಿಹಿ ಕಡುಬಿನಂಥ ನೆವ್ರಿಗಳ ತಟ್ಟೆ ಎದುರಿಗಿಟ್ಟುಕೊಂಡು, ಹನ್ನೆರಡರಲ್ಲಿ ನಾಲ್ಕು ಕಳೆದರೆ ಎಷ್ಟು ಎಂದು ಕೇಳುವರು. ಆ ನಾಲ್ಕನ್ನು ಕಳೆಯುವ ಕೆಲಸವನ್ನು ತಾವೇ ಮಾಡಿ ಮುಗಿಸುವರು. ನಾವು ವ್ಯವಕಲನದಲ್ಲಿ ಬಹಳ ಗಟ್ಟಿಯಾದೆವು. ಭಾಗಾಕಾರ ಮಾತ್ರ ಬರಲಿಲ್ಲ. ಹಂಚುವ ಲೆಕ್ಕ ಗುರುಗಳಿಗೇ ಹಿಡಿಸುತ್ತಿರಲಿಲ್ಲ.

ಈಸ್ಟರಿನ ಮುಂಚಿನ ತಪಸ್ಸಿನ ದಿನಗಳಲ್ಲಿ ಅವರ ಉಪದೇಶ ಕೇಳಬೇಕು. ಮಾಂಸ ಬಿಡಬೇಕು, ನಾಲಿಗೆ ಕಟ್ಟಬೇಕು, ಮರುಭೂಮಿಯಲ್ಲಿ ಪ್ರಭು ಏನು ತಿಂದರು ಎಂದು ನಮ್ಮನ್ನು ಕೇಳಿ, ಏನೂ ಇಲ್ಲ ಎಂದು ತಾವೇ ಕಣ್ಣು ಒದ್ದೆ ಮಾಡಿಕೊಳ್ಳುವರು. ಅಷ್ಟಾದ ಮೇಲೆ ತಲೆಸುತ್ತು ಬರುತ್ತಿತ್ತು. ತಲೆಸುತ್ತಿಗೆ ಡಾಕ್ಟರು ಮೊಟ್ಟೆ ಹೇಳಿದ್ದಾರೆಂದು ಅಮ್ಮನ ಕಡೆ ನೋಡುವರು. ಆ ಡಾಕ್ಟರು ಯಾರು, ಎಲ್ಲಿದ್ದಾರೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಗ ಬೊಂಬಾಯಿಯಲ್ಲಿ ಮದ್ಯನಿಷೇಧ. ಇಡ್ಲಿಯಂಥ ಸನ್ನದ ಹಿಟ್ಟಿಗೆ ಹಾಕಲು ಕಳ್ಳು ಸಿಗದೆ ಅಮ್ಮ ಎಳನೀರನ್ನು ಹುಳಿ ಬರಿಸಿ, ಅದೂ ರೇಷನ್ನಿನ ಮುಗ್ಗಲು ಅಕ್ಕಿಯಲ್ಲಿ, ಹೇಗೋ ಹೂವಿನಂಥ ಸನ್ನ ಬೇಯಿಸುತ್ತಿದ್ದಳು. ಊರಿನ ಸನ್ನದ ಹಾಗಿಲ್ಲ ಎಂದು ದೊಡ್ಡಪ್ಪ ಪ್ರತಿಯೊಂದನ್ನೂ ತಿಂದು ನೋಡಿ ಹೇಳುತ್ತಿದ್ದರು.

ನನಗೆ ಹನ್ನೊಂದು ನಡೆಯುತ್ತಿದ್ದಾಗ ಅಮ್ಮ ಸಿಸ್ಟರುಗಳ ಶಾಲೆಗೆ ತಾನೇ ಹೋಗಿ ಬಂದಳು. ಅಲ್ಲಿಯ ಹೆಡ್ ಸಿಸ್ಟರ್ ಮಂಗಳೂರಿನ ಕಡೆಯವರು. ದೀಪಾವಳಿ ರಜೆ ಮುಗಿದ ಮೇಲೆ ಹುಡುಗಿಯನ್ನು ಕರೆದುಕೊಂಡು ಬಾ, ಕೆಳಗಿನ ಕ್ಲಾಸಿನಲ್ಲಾದರೂ ಕೂರಿಸಿಕೊಳ್ಳುತ್ತೇನೆ, ಬರುವ ವರ್ಷವಾದರೆ ವಯಸ್ಸು ಮೀರುತ್ತದೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ಹೇಳಿ ಕಳಿಸಿದ್ದರು. ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪ ಅಣ್ಣನನ್ನು ಕೇಳು ಅಂದ. ನಮ್ಮಪ್ಪ ದೊಡ್ಡ ದೊಡ್ಡ ಎಂಜಿನ್ನುಗಳ ಬೋಲ್ಟು ಬಿಚ್ಚುವವನು. ಮನೆಗೆ ಬಂದರೆ ಅಣ್ಣನ ಎದುರು ಅಂಗಿಯ ಗುಂಡಿ ಬಿಚ್ಚಲಿಕ್ಕೂ ಹೆದರುವವನು. ಅಮ್ಮ ಕೇಳಿದಳು. ದೊಡ್ಡಪ್ಪ ನಕ್ಕರು. ಹುಡುಗಿಗೆ ಇನ್ನು ಬೇಕಾದದ್ದು ಒಲೆ, ಅದು ಮನೆಯಲ್ಲೇ ಉಂಟಲ್ಲ ಎಂದರು. ಅಮ್ಮ ಒಲೆಯ ಹತ್ತಿರ ಹೋದಳು.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬಂತು. ಪ್ರಭುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮವರಿಗೆ ಅದೇ ತೆನೆ ಹಬ್ಬ. ಊರಿನ ಇಗರ್ಜಿಯಲ್ಲಿ ಹಬ್ಬಕ್ಕೆ ಮುಂಚೆಯೇ ಮಂತ್ರಿಸಿದ ಭತ್ತದ ತೆನೆಯನ್ನು ಚಿಕ್ಕಮ್ಮ ಅಂಚೆಯಲ್ಲಿ ಕಳಿಸುತ್ತಿದ್ದಳು. ಅದರ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಒಂದೊಂದು ಚಮಚ ಕೈಯಾರೆ ಕೊಡಬೇಕು. ಎಲ್ಲರ ಅಂಗೈಗೂ ಬಿದ್ದ ಮೇಲೆಯೇ ಎಲ್ಲರೂ ಒಟ್ಟಿಗೆ ಬಾಯಿಗಿಡುವುದು. ಅದಾಗದೆ ಎಲೆಯ ಮೇಲಿನ ಒಂದು ಅಗುಳನ್ನೂ ಮುಟ್ಟುವಂತಿಲ್ಲ. ಮನೆಯಲ್ಲಿ ಮನಸ್ತಾಪವಿದ್ದರೆ ಮೊದಲು ಅದನ್ನು ತೀರಿಸಬೇಕು. ಮನಸ್ಸಿನಲ್ಲಿ ಜಗಳವಿಟ್ಟುಕೊಂಡು ಹೊಸ ಅಕ್ಕಿ ತಿಂದರೆ ಆ ಮನೆ ಒಡೆಯುತ್ತದೆ. ಇದು ನಮ್ಮ ಅಜ್ಜಿಯ ಮಾತು. ಹಬ್ಬದ ಮುಂಚಿನ ಒಂಬತ್ತು ದಿನವೂ ಮಾತೆಗೆ ಹೂವಿಡುವ ಹೊತ್ತಿನಲ್ಲಿ ದೊಡ್ಡಪ್ಪ ಇದನ್ನು ನಮಗೆ ಪಾಠವಾಗಿ ಹೇಳುತ್ತಿದ್ದರು. ಅಮ್ಮ ಬಾಗಿಲ ಬಳಿ ಸೊಪ್ಪು ಸೋಸುತ್ತ ಕೇಳುತ್ತಿದ್ದಳು.

ಹಬ್ಬದೂಟಕ್ಕೆ ಮೀನು ಮಾಂಸ ಇಲ್ಲ, ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು. ಮೂರು ಮಾಡಿದರೂ ನಡೆಯುತ್ತದೆ. ದೊಡ್ಡಪ್ಪ ಇರುವ ಮನೆಯಲ್ಲಿ ಒಂಬತ್ತು. ಅಮ್ಮ ಹಿಂದಿನ ದಿನವೇ ಮಾಟುಂಗಕ್ಕೆ ಹೋಗಿ ಬಾಳೆಲೆ, ಕೆಸುವಿನ ದಂಟು, ಅಮಟೆಕಾಯಿ, ಅರಿಸಿನದ ಎಲೆ ಎಲ್ಲ ತಂದಿದ್ದಳು. ಅರಿಸಿನದ ಎಲೆಯಲ್ಲಿ ಅಕ್ಕಿಹಿಟ್ಟು ಹಚ್ಚಿ, ಕಾಯಿಬೆಲ್ಲ ತುಂಬಿ, ಮಡಚಿ, ಹಬೆಯಲ್ಲಿ ಬೇಯಿಸಿದರೆ ಅದೇ ಪತ್ತೋಳಿ. ಅದರ ಪರಿಮಳ ಚಾಳಿನ ಕೊನೆಯ ಖೋಲಿಯವರೆಗೂ ಹೋಗುತ್ತಿತ್ತು. ಆ ವರ್ಷ ದೊಡ್ಡಪ್ಪ ತಮ್ಮ ಮನೆಶಾಲೆಯ ಹಿರಿಮೆ ತೋರಿಸಲು ವಿಲೆ ಪಾರ್ಲೆಯಿಂದ ಒಬ್ಬ ಸ್ನೇಹಿತರನ್ನು ಕರೆದಿದ್ದರು. ಸೆಮಿನರಿಯನ್ನು ಅವರ ಜೊತೆಗೇ ಬಿಟ್ಟವರು, ಬಹುಶಃ ಅದೇ ಗಂಜಿಯ ಕಾರಣಕ್ಕೆ.

ಇಗರ್ಜಿಯ ಪೂಜೆಯಲ್ಲಿ ಕಮ್ಯುನಿಯನ್ ಪ್ರಸಾದ ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ಏನೂ ತಿನ್ನಬಾರದೆಂಬ ಕಟ್ಟಳೆ ಆಗ ಇನ್ನೂ ಇತ್ತು. ಪೂಜೆ ಮುಗಿಸಿ ಬಂದ ಮೇಲೂ ದೊಡ್ಡಪ್ಪ ಯಾರಿಗೂ ಕಾಫಿ ಕುಡಿಯಲು ಬಿಡಲಿಲ್ಲ. ಹೊಸ ಅಕ್ಕಿಯೇ ಮೊದಲು ಹೊಟ್ಟೆಗೆ ಹೋಗಬೇಕು ಎಂದರು. ನಿಜವೆಂದರೆ ಒಂಬತ್ತು ಪದಾರ್ಥಕ್ಕೆ ಅವರು ಜಾಗ ಕಾದಿರಿಸುತ್ತಿದ್ದರು. ಮಧ್ಯಾಹ್ನ ಎಲೆ ಹಾಕಿ, ಬಡಿಸಿ ಮುಗಿಸುವಾಗ ನಮ್ಮ ಹೊಟ್ಟೆ ಚಪ್ಪಾಳೆ ತಟ್ಟುತ್ತಿತ್ತು. ದೊಡ್ಡಪ್ಪ ನಿಂತು ಉದ್ದ ಪ್ರಾರ್ಥನೆ ಮಾಡಿ, ಬಟ್ಟಲು ಹಿಡಿದು, ಸ್ನೇಹಿತರಿಗೆ, ಅಪ್ಪನಿಗೆ, ನಮಗೆ ಕೊಟ್ಟರು. ಎಲ್ಲರೂ ಅಂಗೈ ಗುಳಿ ಮಾಡಿ ಕಾದೆವು. ಕಡೆಗೆ ಅಮ್ಮನ ಎದುರು ಚಮಚ ಚಾಚಿದರು.

ಅಮ್ಮ ಕೈ ಮಡಿಲಲ್ಲೇ ಇಟ್ಟುಕೊಂಡಿದ್ದಳು.

"ಹಿಡಿ" ಎಂದರು ದೊಡ್ಡಪ್ಪ.

"ನನಗೆ ಬೇಡ ಭಾವ."

"ಬೇಡವಾ? ಎಂತ ಬೇಡ?"

"ಜಗಳ ಇಟ್ಟುಕೊಂಡು ಹೊಸತು ತಿನ್ನಬಾರದು ಅಂತ ನೀವೇ ಮಕ್ಕಳಿಗೆ ಹೇಳಿದ್ದಲ್ಲವಾ. ನನಗೆ ನಿಮ್ಮ ಮೇಲೆ ಜಗಳ ಉಂಟು."

"ಜಗಳ ಯಾವಾಗ ಆಯ್ತು?"

"ಆಗಲಿಲ್ಲ. ನಾನು ಮಾಡಲಿಲ್ಲ. ಆದರೆ ಉಂಟು."

ಜಗಳ ಯಾತರದ್ದೆಂದು ಅವಳು ಒಂದೇ ಮಾತಿನಲ್ಲಿ ಹೇಳಿದಳು. ದೀಪಾವಳಿ ಕಳೆದ ಮೇಲೆ ಹುಡುಗಿ ಶಾಲೆಗೆ ಹೋಗಬೇಕು. ದೊಡ್ಡಪ್ಪ ಅಪ್ಪನ ಕಡೆ ನೋಡಿ, ನಿನ್ನ ಹೆಂಡತಿಗೆ ಹೇಳು ಎಂದರು. ಅಪ್ಪ ಎಲೆಯ ತುದಿಯಲ್ಲಿದ್ದ ಉಪ್ಪನ್ನು ಬಹಳ ಗಮನವಿಟ್ಟು ನೋಡಿದ. ಆಮೇಲೆ ಉಪದೇಶ ಶುರುವಾಯಿತು. ಹೆಂಡತಿಯರ ಬಗ್ಗೆ ಸಂತ ಪೌಲರು ಹೇಳಿದ್ದು, ಮೊದಲ ಹೆಂಗಸು ಏವಳು ಬೇಡವೆಂದ ಹಣ್ಣು ತಿಂದದ್ದು, ಹೆಂಗಸು ಮಾತು ಕೇಳದೆ ಕೆಟ್ಟ ಮನೆಗಳದ್ದು. ಪ್ರತಿಯೊಂದಕ್ಕೂ ಅಮ್ಮ ಹೌದು ಭಾವ, ಹೌದು ಭಾವ ಎಂದಳು. ಕೈ ಮಾತ್ರ ಮಡಿಲಿನಿಂದ ಏಳಲಿಲ್ಲ. ನನ್ನ ಅಂಗೈಯ ತೆಂಗಿನ ಹಾಲು ಬೆರಳ ಸಂದಿಯಿಂದ ಮೊಣಕೈಗೆ ಇಳಿಯುತ್ತಿತ್ತು. ನಾನು ಅಮ್ಮನ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಅನ್ನದ ಮೇಲಿನ ಹಬೆ ನಿಂತಿತು. ಪತ್ತೋಳಿಯ ಎಲೆಗಳು ಆರಿ ಸುರುಟಿಕೊಳ್ಳತೊಡಗಿದವು.

ದೊಡ್ಡಪ್ಪ ಅದನ್ನು ಕಂಡರು. ಪತ್ತೋಳಿ ಬಿಸಿಯಿರುವಾಗಲೇ ತಿನ್ನಬೇಕು ಎಂಬುದು ಅವರು ಪೌಲರಿಗಿಂತ ಗಟ್ಟಿಯಾಗಿ ನಂಬಿದ್ದ ಸಂಗತಿ. ಉಪದೇಶ ನಡುವೆಯೇ ತಡವರಿಸಿತು. ಒಮ್ಮೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರು.

ಮೊದಲು ಸೋತವರು ಸ್ನೇಹಿತರು. "ಹುಡುಗಿ ಶಾಲೆಗೆ ಹೋದರೆ ಆಕಾಶ ಬೀಳ್ತದಾ ಮಾರಾಯ? ದಾದರಿನಲ್ಲಿ ಲೋಕಲ್ ಬದಲಿಸಿ ಬಂದವ ನಾನು, ನಿನ್ನೆ ರಾತ್ರಿಯ ಗಂಜಿ ಬಿಟ್ಟರೆ ಹೊಟ್ಟೆಯಲ್ಲಿ ಏನಿಲ್ಲ."

ಅಷ್ಟು ಸಾಕಾಯಿತು. ನಮ್ಮ ವಿಶ್ವಾಸ, ನಮ್ಮ ಕುಳವಾರು, ಈಸ್ಟ್ ಇಂಡಿಯನ್ನರ ಕೆಸರು ಎಂದು ವರ್ಷಗಟ್ಟಲೆ ಕಟ್ಟಿದ್ದ ಕೋಟೆಯನ್ನು ದೊಡ್ಡಪ್ಪ ತಣ್ಣಗಾಗುತ್ತಿದ್ದ ಒಂದು ಪತ್ತೋಳಿಗೆ ಬಿಟ್ಟುಕೊಟ್ಟರು. ಹುತಾತ್ಮರ ಕಥೆ ಹೇಳುವಾಗ ಸಿಂಹದ ಬಾಯಿಗೂ ಹೆದರಬಾರದು ಎನ್ನುತ್ತಿದ್ದವರು ತಮ್ಮ ಬಾಯಿಗೇ ಸೋತರು.

"ಹೋಗಲಿ" ಎಂದರು.

"ಎಲ್ಲಿಗೆ ಅಂತ ಹೇಳಿ ಭಾವ. ಮನೆಗೆ ಬಂದವರೂ ಕೇಳಲಿ."

"ಶಾಲೆಗೆ. ದೀಪಾವಳಿ ಕಳೆದ ಮೇಲೆ. ಈಗ ಹಿಡಿ."

ಅಮ್ಮ ಸೆರಗು ತಲೆಗೆಳೆದುಕೊಂಡು, ಎರಡೂ ಕೈ ಚಾಚಿ, ಬಹಳ ಭಕ್ತಿಯಿಂದ ಹೊಸ ಅಕ್ಕಿ ಪಡೆದಳು. ಎಲ್ಲರೂ ಒಟ್ಟಿಗೆ ಬಾಯಿಗಿಟ್ಟೆವು. ಅದಾದ ಮೇಲೆ ದೊಡ್ಡಪ್ಪ ತಿಂದ ಪರಿಯನ್ನು ನಾನು ಬರೆಯುವುದಿಲ್ಲ. ಊಟ ಮುಗಿಯುವಷ್ಟರಲ್ಲಿ ಅವರ ಮುಖ ಗೆಲುವಾಗಿತ್ತು. ಕೈತೊಳೆದು ಬರುತ್ತ, ಹೆಣ್ಣುಮಕ್ಕಳಿಗೂ ಈ ಕಾಲದಲ್ಲಿ ಸ್ವಲ್ಪ ಓದು ಬೇಕಪ್ಪ, ನಾನೇ ಯೋಚಿಸಿ ತೀರ್ಮಾನ ಮಾಡಿದೆ ಎಂದು ಸ್ನೇಹಿತರಿಗೆ ತಿಳಿಸಿದರು. ಸ್ನೇಹಿತರು ತೇಗಿ ಒಪ್ಪಿದರು. ಅಪ್ಪನಿಗೂ ಧೈರ್ಯ ಬಂತು. ಅಣ್ಣ ಹೇಳಿದ್ದು ಸರಿ ಎಂದ.

ದೀಪಾವಳಿ ರಜೆ ಮುಗಿದ ದಿನ ಅಮ್ಮ ನನ್ನ ಜಡೆಗೆ ರಿಬ್ಬನ್ ಕಟ್ಟಿ ಕರೆದುಕೊಂಡು ಹೋದಳು. ಹೆಡ್ ಸಿಸ್ಟರ್ ಸ್ಲೇಟು ಕೊಟ್ಟು ನಾಲ್ಕು ಲೆಕ್ಕ ಹಾಕಿಸಿದರು, ಒಂದು ಪುಟ ಓದಿಸಿದರು. ಓದು ಅವರಿಗೆ ಮೆಚ್ಚುಗೆಯಾಯಿತು. ಭಾಗಾಕಾರ ಖಾಲಿ ಬಿಟ್ಟಿದ್ದ ಲೆಕ್ಕದ ಸ್ಲೇಟನ್ನು ನೋಡಿ, ಮನೆಯಲ್ಲಿ ಇಷ್ಟು ವರ್ಷ ಯಾರು ಪಾಠ ಮಾಡುತ್ತಿದ್ದದ್ದು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು:

"ನಮ್ಮ ಭಾವ, ಸಿಸ್ಟರ್. ಊಟದ ವಿಷಯ ಅವರಿಗೆ ಭಾರಿ ಗೊತ್ತುಂಟು."

ಸಿಸ್ಟರ್ ಸ್ಲೇಟು ಒರೆಸಿಟ್ಟರು. ನನ್ನ ಭುಜದಷ್ಟು ಎತ್ತರದ ಮಕ್ಕಳಿದ್ದ ಕ್ಲಾಸಿನ ಬಾಗಿಲು ತೆರೆದು, ಹಿಂದಿನ ಬೆಂಚು ತೋರಿಸಿದರು.