ಸುಮಂಗಲಾ ಅಳಿಸಿದ ಒಂದು ವರ್ಷ

ಬೆಳಗಿನ ಐದೂವರೆ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಲ್ಲಿ ಅಬಿದಾ ಅವರ ಕೊಟ್ಟಿಗೆ. ಎಮ್ಮೆ ಹಿಂಡಿ ಮುಗಿದಿದೆ. ಸುಮಂಗಲಾ ಬಕೆಟ್ಟನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಬ್ಯಾಟರಿ ಬೆಳಕಿನಲ್ಲಿ ಮುಳ್ಳು ನೋಡಿ, ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಎಷ್ಟಾಯಿತು ಎಂದು ಅಬಿದಾ ಕೇಳುವುದಿಲ್ಲ, ಇವರು ಹೇಳುವುದೂ ಇಲ್ಲ. ಕೇಳಲು ಬಾಯಿ ತೆರೆದ ನಾನು ಇಬ್ಬರ ಕಣ್ಣು ನೋಡಿ ತೆಪ್ಪಗಾದೆ.

ಮೂವತ್ತಾರರ ಸುಮಂಗಲಾ ಊರಿನ ಹಾಲಿನ ಸಂಘದಲ್ಲಿ ಎಮ್ಮೆಗಳ ದಾಖಲೆ ಇಡುತ್ತಾರೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದಾರೆ. 2002ರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂದಾಗ ಗಂಡಸರೆಲ್ಲ ಅದನ್ನು ದೂರದಿಂದಲೇ ನೋಡಿ ಮನೆಗೆ ಹೋದರಂತೆ, ಕೀಲಿಮಣೆ ಮುಟ್ಟಿದ್ದು ಇವರೊಬ್ಬರೇ. ಪ್ರತಿ ಎಮ್ಮೆಯ ಕಿವಿಬಿಲ್ಲೆಯ ಸಂಖ್ಯೆ, ಈದ ದಿನ, ಹದಿನೈದು ದಿನಕ್ಕೊಮ್ಮೆ ಹಾಲಿನ ಪ್ರಮಾಣ ಅದರೊಳಗೆ ಹೋಗಬೇಕು. ವರ್ಷದ ಕೊನೆಗೆ ಎಲ್ಲಕ್ಕಿಂತ ಹೆಚ್ಚು ಹಾಲು ಕೊಟ್ಟ ಎಮ್ಮೆಯ ಗಂಡುಕರುವನ್ನು ಊರಿನ ಬೀಜದ ಕೋಣವಾಗಿ ಉಳಿಸಿಕೊಳ್ಳುತ್ತಾರೆ. ಮುಂದೆ ಅರ್ಧ ಊರಿನ ಕೊಟ್ಟಿಗೆಗಳಲ್ಲಿ ಅದರದೇ ಸಂತಾನ. ಇಲ್ಲಿ ಒಂದು ಅಂಕಿ ತಪ್ಪಿದರೆ ಮುಂದಿನ ತಲೆಮಾರಿನ ಹಾಲೇ ತಪ್ಪಿದಂತೆ.

ಮೊದಲ ವರ್ಷ ತಪ್ಪಿಯೇಬಿಟ್ಟಿತು. ಸುಮಂಗಲಾ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಆದರೆ ಈ ಸೀಮೆಯಲ್ಲಿ ಎಮ್ಮೆಯ ಹಾಲೆಷ್ಟು ಎಂದು ಯಾರೂ ನಿಜ ಹೇಳುವುದಿಲ್ಲ. ಹೇಳಿದರೆ ನದರ ತಾಕಿ, ಅಂದರೆ ದೃಷ್ಟಿಯಾಗಿ, ಕೆಚ್ಚಲು ಬತ್ತುತ್ತದೆ ಎಂಬ ಹೆದರಿಕೆ. ಎಂಟು ಲೀಟರಿನದಕ್ಕೆ ನಾಲ್ಕು ಎನ್ನುತ್ತಾರೆ. ಇದು ಇವರಿಗೆ ಗೊತ್ತಿರಲಿಲ್ಲವೇ?

“ಗೊತ್ತಿತ್ರಿ. ನಮ್ಮವ್ವನೂ ಹಂಗ ಹೇಳಾಕಿ. ಕಂಪ್ಯೂಟರಿನಾಗ ಹಾಕಿದ ಮ್ಯಾಲ ಎಲ್ಲಾ ಖರೇ ಆಗ್ತೈತಿ ಅಂತ ತಿಳಿದಿದ್ದೆರಿ,” ಎನ್ನುತ್ತಾರೆ.

ನದರಿಗೆ ಹೆದರದವನು ಊರಿಗೆಲ್ಲ ಚಂದಪ್ಪ ಒಬ್ಬನೇ. ಅವನದು ಬಾಯಿ ದೊಡ್ಡದು, ಅವನ ಎಮ್ಮೆಯ ಕೆಚ್ಚಲು ಸಣ್ಣದು. ಐದಕ್ಕೆ ಒಂಬತ್ತು ಹೇಳಿದ. ಪಟ್ಟಿ ಹೊರಬಂದಾಗ ಅವನ ಎಮ್ಮೆಯೇ ಮೊದಲು. ಕರುವಿಗೆ ಅರಿಷಿಣ ಹಚ್ಚಿ ಊರೆಲ್ಲ ತಿರುಗಿಸಿದ. ಊರು ನೋಡಿ ನಕ್ಕಿತು, ಸುಮಂಗಲಾ ಮಾತ್ರ ನಗಲಿಲ್ಲ.

ಮರುದಿನವೇ ಬಸ್ಸು ಹತ್ತಿ, ಈ ದಾಖಲೆಗಳ ಮೇಲ್ವಿಚಾರಣೆ ನೋಡುವ ಸಿಂದಗಿಯ ಪಶುವೈದ್ಯರ ಮುಂದೆ ನಿಂತರು. “ಹ್ವಾದ ವರ್ಷ ನಾ ಬರದದ್ದೆಲ್ಲ ಸುಳ್ಳ ಐತ್ರಿ ಸಾಹೇಬ್ರ. ಅಳಸಬೇಕ್ರಿ.” ಒಂದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ, ಕೆಲಸವೂ ಹೋದೀತು ಎಂದು ವೈದ್ಯರು ಎಚ್ಚರಿಸಿದರು. ಇವರು ಊರಿಗೆ ಬಂದು ತಮ್ಮ ಕೈಯಾರೆ ಅಳಿಸಿದರು. ತನ್ನ ತಪ್ಪನ್ನು ಯಾರೂ ಕಂಡುಹಿಡಿಯದಿದ್ದಾಗಲೂ ತಾನೇ ಹೊತ್ತು ತಂದು ಹೇಳಿದವರನ್ನು ನನ್ನ ಇಷ್ಟು ವರ್ಷದ ಪತ್ರಿಕಾ ವೃತ್ತಿಯಲ್ಲಿ ನಾನು ಕಂಡದ್ದು ತೀರ ಕಡಿಮೆ. ಕೈಮುಗಿಯಬೇಕು ಅನ್ನಿಸಿತು.

ಕೆಲಸ ಹೋಗಲಿಲ್ಲ, ಹತ್ತುಪಟ್ಟು ಹೆಚ್ಚಾಯಿತು. ಅಂದಿನಿಂದ ಕೇಳುವುದು ಬಂದ್, ತಾವೇ ತೂಗುವುದು. ನೂರ ಹದಿನೆಂಟು ಎಮ್ಮೆಗಳು. ದಿನಕ್ಕೆ ಎಂಟು ಕೊಟ್ಟಿಗೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹಬ್ಬವಿಲ್ಲ, ಜ್ವರವಿಲ್ಲ. ಮೊದಮೊದಲು ಬಾಗಿಲು ಮುಚ್ಚಿಕೊಂಡವರೇ ಹೆಚ್ಚು. ಮೊದಲು ಒಳಗೆ ಬಿಟ್ಟವರು ಅಬಿದಾ. “ತೂಗವ್ವಾ, ಬಾಯಿ ಮಾತ್ರ ತೆರೀಬ್ಯಾಡ,” ಎಂದರಂತೆ. ಈಗ ಊರಿಗೆಲ್ಲ ಅದೇ ಕರಾರು. ಸಂಘದ ಕೋಣೆಯಲ್ಲಿ ಕಂಪ್ಯೂಟರಿನ ಪರದೆ ಕೂಡ ಗೋಡೆಯ ಕಡೆಗೆ ತಿರುಗಿದೆ, ಕಿಟಕಿಯಿಂದ ಯಾರ ಕಣ್ಣೂ ಬೀಳದಂತೆ.

2004ರಲ್ಲಿ ನಿಜವಾದ ಪಟ್ಟಿ ಬಂತು. ಸುಳ್ಳು ಪಟ್ಟಿಯಲ್ಲಿ ಕೊನೆಯಿಂದ ಎರಡನೆಯದಾಗಿದ್ದ ಅಬಿದಾ ಅವರ ಎಮ್ಮೆ ಮೊದಲು ನಿಂತಿತು. ಅದರ ಗಂಡುಕರು ಈಗ ಸಂಘದ ಹಿತ್ತಲಲ್ಲಿ ಮೇವು ತಿನ್ನುತ್ತ ಬೆಳೆಯುತ್ತಿದೆ. ಕರುವಿನ ಪಟ್ಟ ಕಳೆದುಕೊಂಡ ಚಂದಪ್ಪ ಆರು ತಿಂಗಳು ಮಾತು ಬಿಟ್ಟಿದ್ದ, ಆದರೆ ತೂಗಲು ಒಂದು ದಿನವೂ ಬೇಡ ಎನ್ನಲಿಲ್ಲ.

ಈಗ ಸಮಾಧಾನವೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಈ ಕರು ಕೋಣವಾಗಬೇಕು, ಅದಕ್ಕೆ ಹುಟ್ಟಿದ ಮಣಕಗಳು ಬೆಳೆದು ಈಯಬೇಕು, ಅದಕ್ಕೆ ಏಳು ವರ್ಷ ಬೇಕು ಎಂದು ಬೆರಳು ಮಡಚಿ ತೋರಿಸಿದರು.

“ನಾ ಖರೇ ಬರದೇನೋ ಸುಳ್ಳ ಬರದೇನೋ, ಅವು ಈದ ದಿನ ಗೊತ್ತಾಗ್ತೈತ್ರಿ. ಆ ಹಾಲು ನಾನ ತೂಗಬೇಕು. ಅಲ್ಲೀತನಕ ನನ್ನ ಕೆಲಸ ಯಾರಿಗೂ ಕೊಡಬ್ಯಾಡ್ರಿ ಅಂತ ಸಂಘದಾಗ ಕೇಳಾಕತ್ತೇನಿ.”