ಕಾರಿನ ಮೂರನೆಯವಳು

ಹೊಗೆ ಕಡಿಮೆಯಾಗಲಿ, ರಸ್ತೆ ಖಾಲಿಯಾಗಲಿ ಎಂದು ನಗರಸಭೆ ಪೇಟೆಗೆ ಹೋಗುವ ಕಾರುಗಳಿಗೆ ಸುಂಕ ಹಾಕಿತು. ಕಾರಿನಲ್ಲಿ ಮೂವರಿದ್ದರೆ ಮಾಫಿ. ಜನ ಕಾರು ಬಿಡಲಿಲ್ಲ, ಮೂರನೆಯವರನ್ನು ಹುಡುಕಿದರು. ಹಾಗಾಗಿ ನನ್ನ ಸೋದರತ್ತೆಗೆ ಅರವತ್ತು ದಾಟಿದ ಮೇಲೆ ಕೆಲಸ ಸಿಕ್ಕಿತು.

ಸುಂಕದ ಗೇಟಿಗಿಂತ ಹಿಂದಿನ ತಿರುವಿನಲ್ಲಿ ನಿಲ್ಲುವುದು, ಕರೆದವರ ಕಾರು ಹತ್ತುವುದು, ಗೇಟು ದಾಟಿದ ಮೇಲೆ ಇಳಿಯುವುದು. ಅದಕ್ಕೂ ಅತ್ತೆಯದೊಂದು ಶಿಸ್ತು. ಬೆನ್ನು ನೆಟ್ಟಗೆ, ಚೀಲ ತೊಡೆಯ ಮೇಲೆ, ಕೇಳದೆ ಮಾತಿಲ್ಲ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಾ ಎಂದು ಎಷ್ಟು ಕರೆದರೂ ಅವಳು ಬಂದಿರಲಿಲ್ಲ. ದುಡಿಯದೆ ಕೂತು ಉಣ್ಣುವುದೆಂದರೆ ಅವಳಿಗೆ ಮೈಯೆಲ್ಲ ಉರಿ. ಈ ಸೀಟಿನ ಸಂಪಾದನೆಯಲ್ಲೇ ಅವಳ ಒಂಟಿ ಕೋಣೆಯ ಬಾಡಿಗೆ ಸಾಗುತ್ತಿತ್ತು.

ಅವಳ ಖಾಯಂ ಗಿರಾಕಿಗಳು ಒಬ್ಬ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ. ಇಬ್ಬರೂ ಒಂದೇ ಕ್ಲಿನಿಕ್ಕಿನಲ್ಲಿ ದುಡಿಯುವವರು, ಪರಸ್ಪರ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಗ್ಯಾಸ್ ಮುಗಿದಿದೆ ಎಂದು ಹಿಂದಿನ ಸೀಟಿನಿಂದ ಆಕೆ ಅತ್ತೆಗೆ ಹೇಳಬೇಕು, ಅತ್ತೆ ಅದನ್ನು ಸ್ಟೀರಿಂಗ್ ಹಿಡಿದವರಿಗೆ ಹೇಳಬೇಕು. ಉಪ್ಪು ಖಾರ ಹಚ್ಚದೆ ಹೇಳುವುದೇ ತನ್ನ ಹೆಚ್ಚುಗಾರಿಕೆ ಎಂದು ಅತ್ತೆ ನಮ್ಮ ಮುಂದೆ ಬೀಗುತ್ತಿದ್ದಳು.

ಬಾಡಿಗೆ ಜನ ಹತ್ತಿದರೆ ಹೊಗೆ ಇಳಿಯುವುದಿಲ್ಲ ಎಂಬುದು ನಗರಸಭೆಗೆ ತಡವಾಗಿ ಹೊಳೆಯಿತು. ಮಾಫಿ ರದ್ದಾಯಿತು, ಸುಂಕ ಏರಿತು, ಆ ದುಡ್ಡಿನಲ್ಲಿ ಹೊಸ ಬಸ್ಸುಗಳು ಬಂದವು. ತಿರುವಿನಲ್ಲಿ ಅತ್ತೆಯನ್ನು ಕೇಳುವವರೇ ಇಲ್ಲ. ಡಾಕ್ಟರ ದಂಪತಿ ಮಾತ್ರ ಅವಳನ್ನು ಬಿಡಲಿಲ್ಲ. ಕಾರನ್ನು ಮನೆಯಲ್ಲಿ ನಿಲ್ಲಿಸಿ, ಬಸ್ಸಿನ ಮೂವರ ಸೀಟಿನಲ್ಲಿ ಅವಳನ್ನು ನಡುವೆ ಕೂರಿಸಿಕೊಂಡು, ಸಂಬಳವನ್ನೂ ಕೊಟ್ಟರು.

ಒಂದು ದಿನ ಬಸ್ಸು ಕಿಕ್ಕಿರಿದು, ಅತ್ತೆ ಹಿಂದೆಲ್ಲೋ ಸಿಕ್ಕಿಹಾಕಿಕೊಂಡಳು. ನಡುವೆ ಯಾರೋ ನಿದ್ದೆಬುರುಕ ಕೂತಿದ್ದ. ಕ್ಲಿನಿಕ್ಕಿನ ಸ್ಟಾಪು ಬಂತು, ಡಾಕ್ಟರು ಪೇಪರಿನಿಂದ ತಲೆ ಎತ್ತಲಿಲ್ಲ. ಅವರ ಹೆಂಡತಿ ವಿಧಿಯಿಲ್ಲದೆ, "ಇಳೀರಿ, ಸ್ಟಾಪ್ ಬಂತು" ಎಂದರು. "ಹೂಂ, ಬಂದೆ" ಎಂದರು ಡಾಕ್ಟರು. ಇಬ್ಬರೂ ಮಾತಾಡಿಕೊಂಡೇ ಇಳಿದುಹೋದರು, ಅತ್ತೆಯ ನೆನಪೂ ಬರಲಿಲ್ಲ.

ಸಂಜೆ ಅತ್ತೆ ನಮ್ಮ ಮನೆಗೆ ಬಂದಳು. "ಅವರೇ ಮಾತಾಡ್ಕೊಂಡ್ರು ಕಣೋ. ನನ್ನ ಕೆಲಸ ಹೋಯ್ತು."

ನಾನು ಹಿಂದೆ ಮುಂದೆ ನೋಡದೆ, ಇನ್ನು ಇಲ್ಲೇ ಇದ್ದುಬಿಡು ಎಂದೆ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, ನನ್ನ ಮುಖ ನೋಡದೆ ಅವಳ ಪಕ್ಕದಲ್ಲಿ ಕೂತಳು.

"ಅತ್ತೆ, ನೀವಿರಿ, ಸಂತೋಷ. ಆದ್ರೆ ನನ್ನನ್ನೂ ಒಂದು ಮಾತು ಕೇಳಬಹುದಿತ್ತು ಅಂತ ಇವರಿಗೆ ಹೇಳಿ."

ಅತ್ತೆ ಬೆನ್ನು ನೆಟ್ಟಗೆ ಮಾಡಿದಳು. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.